ದೇವಿಮನೆ ಘಟ್ಟದಲ್ಲಿ ಟೈರ್ ಬದಲಿಸಿಕೊಟ್ಟ ಅಣ್ಣನಿಗೆ

ಮೊನ್ನೆ ಬೆಳಿಗ್ಗೆ ಕುಮಟಾದಿಂದ ಶಿರಸಿ ಕಡೆ ಹೊರಟಿದ್ದೆವು. ನಮ್ಮೂರಿನ ಹಳೇ ಡಾಕ್ಟರು ತೀರಿಕೊಂಡಿದ್ದರು. ದೇವಿಮನೆ ಘಟ್ಟದ ತಿರುವಿನಲ್ಲಿ ಟೈರ್ ಪಂಕ್ಚರ್. ಜೋರು ಮಳೆ, ಫೋನಿಗೆ ನೆಟ್‌ವರ್ಕ್ ಇಲ್ಲ, ಹಿಂದಿನ ಸೀಟಲ್ಲಿ ಅಮ್ಮ ಅಳುತ್ತಿದ್ದಳು. ಆಗ ಬೈಕ್ ನಿಲ್ಲಿಸಿದವರು ನೀವು.

ಕೆಸರಿನಲ್ಲಿ ಜ್ಯಾಕ್ ಹೂತು ಹೋಗುತ್ತಿತ್ತು. ನೀವು ಚಪ್ಪಟೆ ಕಲ್ಲೊಂದನ್ನು ಹುಡುಕಿ ತಂದು ಅಡಿಗೆ ಕೊಟ್ಟಿರಿ. ಎಲ್ಲಿಗೆ ಹೊರಟಿದ್ದೇವೆ ಅಂತ ಹೇಳಿದ ಮೇಲಂತೂ ಒಂದು ನಿಮಿಷ ಸುಮ್ನೆ ನಿಲ್ಲಲಿಲ್ಲ.

ನೀವು ಯಾರ ಮನೆಗೆ ದಾರಿ ಮಾಡಿಕೊಟ್ಟಿರಿ ಅಂತ ಹೇಳಲೇಬೇಕು. ಆ ಡಾಕ್ಟರು ಔಷಧಿ ಬಾಟಲಿಗೆ ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿ, ಹೊತ್ತಿಗೆ ಒಂದು ಗೆರೆಯಷ್ಟು ಕುಡಿಯಿರಿ ಅನ್ನುತ್ತಿದ್ದರು. ದುಡ್ಡಿಲ್ಲದವರು ಬಾಳೆಗೊನೆಯನ್ನೋ ಮೊಗೆಕಾಯಿಯನ್ನೋ ಜಗುಲಿಯಲ್ಲಿಟ್ಟು ಹೋಗುತ್ತಿದ್ದರು. ಮಂಗನ ಕಾಯಿಲೆ ಗೊತ್ತಲ್ವಾ, ಉಣುಗು ಅನ್ನೋ ರಕ್ತ ಹೀರುವ ಹುಳ ಕಚ್ಚಿ ಬರುವ ಜ್ವರ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಬೇಸಿಗೆ ಬಂತೆಂದರೆ ಬೆಟ್ಟಕ್ಕೆ ದರಕು (ಒಣ ಎಲೆ) ತರಲು ಹೋಗುವವರನ್ನು ರಸ್ತೆಯಲ್ಲೇ ನಿಲ್ಲಿಸಿ ಹೇಳುತ್ತಿದ್ದರು: "ಬಂದ ಕೂಡಲೇ ಬಿಸಿನೀರಲ್ಲಿ ಮೀಯಿರಿ. ಬಟ್ಟೆನೂ ಬಿಸಿನೀರಿಗೆ ಹಾಕಿ. ಮೈಮೇಲೆ ಉಣುಗು ಇದೆಯಾ ನೋಡ್ಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ನನಗೆ ಹೇಳಿ." ನನ್ನನ್ನು ಹೆರುವಾಗ ಅಮ್ಮನಿಗೆ ಜಾಸ್ತಿ ಕಷ್ಟವಾಗಿತ್ತು. ರಾತ್ರಿಯಿಡೀ ಜೊತೆಗಿದ್ದವರು ಅವರೇ.

ಅಣ್ಣಾ, ಎತ್ತುವ ಮೊದಲೇ ತಲುಪಿದೆವು. ಅಮ್ಮ ಅವರ ಕಾಲು ಮುಟ್ಟಿ ನಮಸ್ಕರಿಸಿದಳು. ಅದು ನಿಮ್ಮಿಂದ.

ಹೆಸರು ಕೇಳಲೂ ನೆನಪಾಗಲಿಲ್ಲ. ನಿಮ್ಮ ಕೆಂಪು ಟವೆಲ್ ನಮ್ಮ ಕಾರಿನಲ್ಲೇ ಉಳಿದಿದೆ. ಅಮ್ಮ ಒಗೆದು ಮಡಚಿಟ್ಟಿದ್ದಾಳೆ.