ಗ್ಯಾಂಬಿಯಾದ ನ್ಯಾಯ ಸಚಿವರಿಗೆ: ವಿಚಾರಣೆ ಯಾವತ್ತು? ತಾರೀಖು ಹೇಳಿ

ಮಾನ್ಯ ಸಚಿವರೇ,

ಸೆರೆಕುಂಡಾದಲ್ಲಿ ಅಂಗಡಿ ಇಟ್ಟುಕೊಂಡಿರುವ ಕನ್ನಡಿಗ ನಾನು. ಹೊರಗಿನವನು, ನನಗ್ಯಾಕೆ ಅಂತ ಇಷ್ಟು ವರ್ಷ ಸುಮ್ಮನಿದ್ದೆ. ಇನ್ನು ಆಗಲ್ಲ. ಹಿಂದಿನ ಅಧ್ಯಕ್ಷ ಯಾಹ್ಯಾ ಜಾಮೆಯ ಕಾಲದ ದೌರ್ಜನ್ಯಗಳ ವಿಚಾರಣೆ ಈ ದೇಶದಲ್ಲಿ ಯಾವತ್ತು ಅಂತ ಕೇಳೋಕೆ ಬರೆಯುತ್ತಿದ್ದೇನೆ.

ಉಸ್ಮಾನ್ ಸೊಂಕೊ ಯಾರು ಅಂತ ನಿಮಗೆ ಹೇಳಬೇಕಿಲ್ಲ. 1988ರಲ್ಲಿ ಸೈನ್ಯ ಸೇರಿದ. ಜಾಮೆಯ ಕಾವಲು ಪಡೆಗೆ ಮುಖ್ಯಸ್ಥನಾದ, 2005ರಲ್ಲಿ ಪೊಲೀಸ್ ಮುಖ್ಯಸ್ಥ, ಮರುವರ್ಷ ಗೃಹ ಸಚಿವ. ಹೆಚ್ಚುಕಮ್ಮಿ ಹತ್ತು ವರ್ಷ ಅದೇ ಕುರ್ಚಿ. 2016ರಲ್ಲಿ ಕುರ್ಚಿ ಹೋದ ಮೇಲೆ ದೇಶ ಬಿಟ್ಟು ಓಡಿ, ಸ್ವಿಟ್ಜರ್ಲೆಂಡಿನಲ್ಲಿ ಆಶ್ರಯ ಕೇಳಿದ. ಇಲ್ಲಿ ಜನರನ್ನು ಜೈಲಿಗೆ ಹಾಕಿ ಚಿತ್ರಹಿಂಸೆ ಕೊಟ್ಟ ಕಾಲದ ಗೃಹ ಸಚಿವ ಇವನು, ಆಶ್ರಯ ಕೇಳೋಕೆ ಮುಖವಾದರೂ ಹೇಗೆ ಬಂತು? 2017ರ ಜನವರಿಯಲ್ಲಿ ಅಲ್ಲೇ ಹಿಡಿದರು. 2024ರ ಮೇ 15ರಂದು ಅಲ್ಲಿನ ಬೆಲಿನ್‌ಜೋನಾ ಊರಿನ ಕೋರ್ಟು 20 ವರ್ಷ ಶಿಕ್ಷೆ ವಿಧಿಸಿತು.

ನಮ್ಮ ಅಂಗಡಿ ಎದುರು ಒಬ್ಬ ಅಜ್ಜಿ ಕಡಲೆಕಾಯಿ ಮಾರುತ್ತಾರೆ. ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ ಹುರಿಯುತ್ತಾರೆ. ಜಾಮೆ ಕಾಲದಲ್ಲಿ ಅವರ ಮಗನನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋದರು, ಅವನು ವಾಪಸ್ ಬರಲೇ ಇಲ್ಲ. ಜಾಮೆ ಕಾಲದ ದೌರ್ಜನ್ಯಗಳ ಬಗ್ಗೆ ಸತ್ಯಶೋಧನಾ ಆಯೋಗದ ವಿಚಾರಣೆ ನಡೆಯುವಾಗ ಬಾಣಲೆ ಪಕ್ಕದಲ್ಲೇ ರೇಡಿಯೊ ಇಟ್ಟುಕೊಂಡು ಒಂದೊಂದೇ ಸಾಕ್ಷಿ ಕೇಳುತ್ತಿದ್ದರು. ಸೊಂಕೊ ತೀರ್ಪು ಬಂದ ದಿನ ನನ್ನ ಮೊಬೈಲಿನಲ್ಲಿ ಸುದ್ದಿ ಓದಿ ಹೇಳು ಅಂದರು. ಹೇಳಿದೆ. ಖುಷಿಪಡಲಿಲ್ಲ. "ನನ್ನ ಮಗನ ಹೆಸರು ಅಲ್ಲಿ ಯಾರಾದ್ರೂ ತೆಗೆದರಾ?" ಅಂತ ಕೇಳಿದರು. ಇಲ್ಲ ಅಜ್ಜಿ ಅಂದೆ. ಮತ್ತೆ ಹುಟ್ಟು ಹಿಡಿದು ಮರಳು ಕೆದಕೋಕೆ ಶುರು ಮಾಡಿದರು. ನನಗೆ ಆವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ ಸಚಿವರೇ.

ಸೊಂಕೊ ವಿಚಾರಣೆ ನಡೆದದ್ದು ಸಾವಿರಾರು ಕಿಲೋಮೀಟರ್ ದೂರದಲ್ಲಿ, ಜರ್ಮನ್ ಭಾಷೆಯಲ್ಲಿ. ಜಾಮೆಯ ಹಂತಕ ಪಡೆ ಜಂಗ್ಲರ್ಸ್‌ನಲ್ಲಿ ಡ್ರೈವರ್ ಆಗಿದ್ದವನಿಗೆ ಜರ್ಮನಿ 2023ರಲ್ಲಿ ಜೀವಾವಧಿ ಕೊಟ್ಟಿತು. ಅದೇ ಪಡೆಯ ಇನ್ನೊಬ್ಬನನ್ನು 2025ರಲ್ಲಿ ಅಮೆರಿಕ ಅಪರಾಧಿ ಅಂದಿತು. ಮೂರು ದೇಶದವರಿಗೆ ಆಗುತ್ತದೆ, ನಮಗೆ ಯಾಕೆ ಆಗಲ್ಲ? ವಿರೋಧ ಪಕ್ಷದ ಸೋಲೊ ಸಾಂಡೆಂಗ್ ಕೊಲೆ ಕೇಸಿನಲ್ಲಿ 2022ರಲ್ಲಿ ಇಲ್ಲೇ ತೀರ್ಪು ಬಂತಲ್ವಾ? ಮನಸ್ಸು ಮಾಡಿದರೆ ಆಗುತ್ತದೆ ಅಂತ ಆಯಿತಲ್ಲ.

ಆಯೋಗದ ವರದಿ ನಿಮ್ಮ ಸರ್ಕಾರದ ಕೈ ಸೇರಿದ್ದು 2021ರಲ್ಲಿ. ಜಾಮೆ ಕಾಲದ ಅಪರಾಧಗಳ ವಿಚಾರಣೆಗೆಂದು ಮಾಡುವ ವಿಶೇಷ ನ್ಯಾಯಮಂಡಳಿಗೆ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ ಎಕೋವಾಸ್ ಒಪ್ಪಿದ್ದು 2024ರ ಡಿಸೆಂಬರಿನಲ್ಲಿ. ಒಪ್ಪಿಗೆ, ಸಭೆ, ಹೇಳಿಕೆ ಎಲ್ಲ ಕೇಳಿ ಸಾಕಾಗಿದೆ. ಜಾಮೆ 2017ರಿಂದ ಈಕ್ವಟೋರಿಯಲ್ ಗಿನಿಯಲ್ಲಿ ಆರಾಮಾಗಿದ್ದಾನೆ, ಇಲ್ಲಿ ಸಾಕ್ಷಿ ಹೇಳಬೇಕಾದವರು ಮುದುಕರಾಗುತ್ತಿದ್ದಾರೆ. ಇನ್ನೂ ಎಷ್ಟು ಜನ ಸಾಯಬೇಕು?

ತಾರೀಖು ಹೇಳಿ. ಮೊದಲ ಕೇಸು ಯಾವುದು, ಯಾವ ದಿನ, ಹೇಳಿ. ವಿಚಾರಣೆ ಈ ನೆಲದಲ್ಲೇ ಆಗಲಿ, ಇಲ್ಲಿನ ಭಾಷೆಗಳಾದ ಮ್ಯಾಂಡಿಂಕಾ, ವೊಲೊಫ್‌ನಲ್ಲಿ ರೇಡಿಯೊದಲ್ಲಿ ಬರಲಿ. ಮಗನ ಹೆಸರು ಹೇಳೋಕೆ ಅಜ್ಜಿಯನ್ನೂ ಕರೆಯಿರಿ. ಅವರನ್ನು ಕೋರ್ಟಿಗೆ ನಾನೇ ಕರೆದುಕೊಂಡು ಬರುತ್ತೇನೆ, ನೀವು ತಾರೀಖು ಹೇಳಿ.

ಇತಿ,
ಸೆರೆಕುಂಡಾದ ಒಬ್ಬ ಅಂಗಡಿಯವನು