ಉಚಿತ ಅಂದರೆ ಸಾಲದು, ಲೈಸೆನ್ಸ್ ಫೈಲೂ ಇಡಿ

ಸಂಪಾದಕರೇ,

ಕನ್ನಡಕ್ಕೆ ಹೊಸ ಫಾಂಟ್ ಬಂತು, ಕೀಬೋರ್ಡ್ ಬಂತು, ಪದಪಟ್ಟಿ ಬಂತು ಅಂತ ಆಗಾಗ ಓದುತ್ತೇವೆ. ಖುಷಿಯೇ. ಆದರೆ ಎಷ್ಟೋ ಸಲ ಜಿಪ್ ಬಿಚ್ಚಿ ನೋಡಿದರೆ ಯಾರು ಮಾಡಿದ್ದು, ಯಾವ ವರ್ಷದ್ದು, ಬೇರೆಯವರು ತಿದ್ದಿ ಹಂಚಬಹುದಾ ಅನ್ನುವುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹೊರಗೆ ಮಾತ್ರ ದೊಡ್ಡದಾಗಿ ‘ಉಚಿತ’ ಅಂತ ಬರೆದಿರುತ್ತಾರೆ.

ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಬರುತ್ತದೆ. ನೋಂದಣಿ ಮಾಡಿಸದಿದ್ದರೂ ಹಕ್ಕು ಇದ್ದೇ ಇರುತ್ತದೆ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ನೌಕರಿಯಲ್ಲಿದ್ದು ಬರೆದದ್ದಾದರೆ ಹಕ್ಕು ಸಾಮಾನ್ಯವಾಗಿ ಸಂಸ್ಥೆಯದ್ದು. ಹಾಗಾಗಿ ಬರೆದ ಹುಡುಗ ‘ತಗೊಳ್ಳಿ ಸಾರ್’ ಅಂದರೂ ನಡೆಯುವುದಿಲ್ಲ.

ಡೆಬಿಯನ್ ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಮಾಡುವವರು ಇದನ್ನು ಎಷ್ಟು ಕಟ್ಟುನಿಟ್ಟಾಗಿ ಮಾಡುತ್ತಾರೆ ನೋಡಿ. ಅಲ್ಲಿ ಪ್ರತಿ ಪ್ಯಾಕೇಜ್ (ಹಂಚಲು ಕಟ್ಟಿಟ್ಟ ತಂತ್ರಾಂಶದ ಗಂಟು) ಜೊತೆ ‘ಕಾಪಿರೈಟ್’ ಅನ್ನುವ ಒಂದು ಫೈಲ್ ಇರಲೇಬೇಕು. ನಮ್ಮ ಗುಬ್ಬಿ, ನವಿಲು ಫಾಂಟ್‌ಗಳೂ ಹಾಗೆಯೇ ಒಳಗೆ ಹೋಗಿದ್ದು. ಆ ಫೈಲ್‌ನಲ್ಲಿ ಮೊದಲು ‘ಎಲ್ಲ ಫೈಲ್’ ಅನ್ನುವ ಅರ್ಥದ ನಕ್ಷತ್ರ ಚಿಹ್ನೆ (*) ಹಾಕಿ, ಎಲ್ಲ ಫೈಲ್‌ಗಳ ಹಕ್ಕು ಇಂಥವರದ್ದು, ಲೈಸೆನ್ಸ್ ಇಂಥದ್ದು ಅಂತ ಬರೆಯುತ್ತಾರೆ. ಆಮೇಲೆ ಬೇರೆ ಕಡೆಯಿಂದ ತಂದ ಐಕಾನ್ ಫೋಲ್ಡರ್‌ಗೋ ಲೈಬ್ರರಿಗೋ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬೇರೆ ಬೇರೆ ಪ್ಯಾರಾ. ಒಂದು ಫೈಲ್ ಎರಡು ಪ್ಯಾರಾಗಳಿಗೂ ಹೊಂದಿದರೆ ಕೊನೆಯದೇ ಲೆಕ್ಕ. ಅದಕ್ಕೇ ನಕ್ಷತ್ರ ಯಾವಾಗಲೂ ಮೇಲಿರಬೇಕು, ಕೆಳಗೆ ಹಾಕಿದಿರೋ ಮೇಲಿದ್ದದ್ದನ್ನೆಲ್ಲ ಅದು ನುಂಗಿಬಿಡುತ್ತದೆ! ಹೊಸ ಪ್ಯಾಕೇಜ್ ಬಂದಾಗ ಮನುಷ್ಯರೇ ಕೂತು ಇದನ್ನು ಓದುತ್ತಾರೆ, ತಪ್ಪಿದ್ದರೆ ವಾಪಸ್ ಕಳಿಸುತ್ತಾರೆ.

ಕೆಲಸ ಬೇಜಾರಿನದ್ದು, ಅದು ನಿಜ. ‘ಲೈಸೆನ್ಸ್‌ಚೆಕ್’ ಅಂತ ಒಂದು ಟೂಲ್ ಇದೆ, ಫೈಲ್‌ನ ತಲೆಯಲ್ಲಿರುವ ಸಾಲುಗಳನ್ನು ಓದಿ ಹೇಳುತ್ತದೆ. ಆದರೆ ಚಿತ್ರದ ಫೈಲ್‌ಗೆ ಅಂಥ ತಲೆಬರಹ ಎಲ್ಲಿಂದ ಬರಬೇಕು? ಇದಕ್ಕೂ ಸುಲಭದ ದಾರಿ ಇದೆ. ಕೋಡ್ ಆದರೆ ಮೊದಲ ಸಾಲಲ್ಲೇ ಎಸ್‌ಪಿಡಿಎಕ್ಸ್ ಗುರುತು (ಲೈಸೆನ್ಸ್ ಯಾವುದು ಅಂತ ಗೊತ್ತುಪಡಿಸಿದ ಮಾದರಿಯಲ್ಲಿ ಹೇಳುವ ಒಂದು ಸಾಲು) ಹಾಕಿದರೆ ಸಾಕು, 2017ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಹಾಗೆ ಮಾಡುತ್ತಿದ್ದಾರೆ. ಚಿತ್ರವಾದರೆ ಪಕ್ಕದಲ್ಲೇ ಅದೇ ಹೆಸರಿನ, ಕೊನೆಗೆ ‘.ಲೈಸೆನ್ಸ್’ ಅಂತ ಸೇರಿಸಿದ ಪುಟ್ಟ ಪಠ್ಯ ಫೈಲ್ ಇಡಬಹುದು. ಮಾಡುವಾಗಲೇ ಇಟ್ಟರೆ ಎರಡು ನಿಮಿಷದ ಕೆಲಸ. ಹತ್ತು ವರ್ಷ ಬಿಟ್ಟು ಆ ಐಕಾನ್ ಬರೆದವರು ಯಾರು ಅಂತ ಹುಡುಕಲು ಹೋದರೆ ಇಮೇಲ್ ವಿಳಾಸವೂ ಸತ್ತಿರುತ್ತದೆ.

ಸರ್ಕಾರದ ದುಡ್ಡಲ್ಲಿ ಕನ್ನಡದ ತಂತ್ರಾಂಶ ಮಾಡಿಸುವ ಇಲಾಖೆಗಳು, ವಿಶ್ವವಿದ್ಯಾಲಯಗಳು ಟೆಂಡರ್‌ನಲ್ಲೇ ಈ ಷರತ್ತು ಹಾಕಲಿ. ಕೊನೆಯ ಕಂತು ಕೊಡುವ ಮುಂಚೆ ಫೈಲ್ ಇದೆಯಾ ಅಂತ ಯಾರಾದರೂ ತೆರೆದು ನೋಡಲಿ. ನಿಮ್ಮ ವರದಿಗಾರರೂ ಅಷ್ಟೇ, ಬಿಡುಗಡೆ ಸಮಾರಂಭಕ್ಕೆ ಹೋದಾಗ ಸುಮ್ನೆ ಫೋಟೋ ತೆಗೆದು ಬರುವ ಬದಲು ‘ಇದಕ್ಕೆ ಯಾವ ಲೈಸೆನ್ಸ್?’ ಅಂತ ಒಂದು ಪ್ರಶ್ನೆ ಕೇಳಬಹುದಲ್ವಾ?

ಇಂತಿ,
ನಿಮ್ಮ ಓದುಗ, ಹಾಸನ