ಮುಲುಂಡಿನ ಮನೆ ಕೈತಪ್ಪಿದ ಮೇಲೆ ಮಗಳಿಗೆ

ಡೊಂಬಿವಲಿ, ಭಾನುವಾರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮುಲುಂಡಿನ ಮನೆಯ ಮಾಲೀಕರು ಮಾರುವುದಿಲ್ಲವೆಂದು ತಿಳಿಸಿದ ರಾತ್ರಿ, "ನಿಮ್ಮ ಮಾತು ಕೇಳಿದ್ದಕ್ಕೆ ಹೀಗಾಯಿತು" ಎಂದು ಹೇಳಿ ನೀನು ಫೋನ್ ಇಟ್ಟುಬಿಟ್ಟೆ. ನೀನು ಹೇಳಿದ್ದು ನಿಜ. ಮುಂಗಡದ ಟೋಕನ್ ಹಣ ಕೊಡುವ ದಿನವೇ ಷರತ್ತುಗಳನ್ನೆಲ್ಲ ಬರೆದು ಸಹಿ ಹಾಕಿಸಿಕೊಳ್ಳೋಣವೆಂದು ನೀನು ಹೇಳಿದಾಗ, "ನಮ್ಮ ಕಡೆಯವರು, ಕಾಗದ ಮುಂದಿಟ್ಟರೆ ನೊಂದುಕೊಳ್ಳುತ್ತಾರೆ" ಎಂದು ತಡೆದವನು ನಾನೇ.

ಹಾಗೇಕೆ ಮಾಡಿದೆನೆಂದು ಯೋಚಿಸಿದಾಗಲೆಲ್ಲ ನಾವು ಬಾಡಿಗೆಗಿದ್ದ ಮುಂಬಯಿ ಗಿರಗಾಂವದ ಚಾಳಿನ ಕೋಣೆಯೇ ಕಣ್ಣೆದುರು ಬರುತ್ತದೆ. 1996ರಲ್ಲಿ ಅದನ್ನು ಬಿಟ್ಟುಕೊಡುವಾಗ ಪಗಡಿಯ, ಅಂದರೆ ಬಾಡಿಗೆಯ ಹಕ್ಕು ಬಿಟ್ಟುಕೊಡುವುದಕ್ಕೆ ಪಡೆಯುವ ಹಣದ, ಮಾತು ಒಂದು ಸಂಜೆ ಚಹಾ ಕುಡಿಯುವಷ್ಟರಲ್ಲಿ ಮುಗಿದಿತ್ತು. ಪಗಡಿಗೆ ಆಗ ಕಾನೂನಿನ ಮನ್ನಣೆ ಇರಲಿಲ್ಲ; ಅದು ಸಿಕ್ಕಿದ್ದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂದ ಮೇಲೆ. ಹಾಗಾಗಿ ಆಡಿದ ಮಾತೊಂದೇ ಆಧಾರ. ಮೂರನೆಯ ದಿನ ಇನ್ನೊಬ್ಬರು ಬಂದು 40,000 ರೂಪಾಯಿ ಹೆಚ್ಚಿಗೆ ಕೊಡುತ್ತೇನೆಂದರು. ಈ ಡೊಂಬಿವಲಿಯ ಮನೆಗೆ ನಮಗೆ ಕಡಿಮೆ ಬಿದ್ದಿದ್ದೂ ಹೆಚ್ಚುಕಡಿಮೆ ಅಷ್ಟೇ ಹಣ. ನೀನಾಗ ನಾಲ್ಕು ವರ್ಷದವಳು, ನಿದ್ದೆ ಹೋಗಿದ್ದೆ. ಕೊಟ್ಟ ಮಾತಿಗೆ ತಪ್ಪುವುದಿಲ್ಲವೆಂದು ನಾನು ಅಮ್ಮನಿಗೆ ಹೇಳಿದೆ. ಅವಳು ರಾತ್ರಿಯಿಡೀ ಮಾತನಾಡಲಿಲ್ಲ. ಬೆಳಿಗ್ಗೆ ನಾಲ್ಕೂ ಚಿನ್ನದ ಬಳೆಗಳನ್ನು ಬಿಚ್ಚಿ ನನ್ನ ಊಟದ ಡಬ್ಬಿಯ ಪಕ್ಕದಲ್ಲಿಟ್ಟಳು. ಅಂಥ ಬಳೆಗಳು ಅವಳ ಕೈಗೆ ಮತ್ತೆ ಬರಲು ಒಂಬತ್ತು ವರ್ಷ ಹಿಡಿಯಿತು. ಅವಳು ಅವನ್ನು ಒಪ್ಪಿ ಇಟ್ಟಳೋ, ಸಿಟ್ಟಿನಿಂದ ಇಟ್ಟಳೋ ಎಂದು ನಾನು ಇಂದಿಗೂ ಕೇಳಿಲ್ಲ. ಮಾತು ಉಳಿಸಿಕೊಂಡೆನೆಂಬ ಹೆಮ್ಮೆ ಮಾತ್ರ ಉಳಿಯಿತು, ಮತ್ತು ಅಷ್ಟು ಬೆಲೆ ತೆತ್ತು ಉಳಿಸಿಕೊಂಡದ್ದನ್ನು ಎಲ್ಲರೂ ಹಾಗೆಯೇ ಉಳಿಸಿಕೊಳ್ಳುತ್ತಾರೆಂದು ನಂಬಿ, ಆ ನಂಬಿಕೆಯನ್ನು ನಿನ್ನ ಮೇಲೂ ಹೇರಿದೆ. ಬರೆದುಕೊಳ್ಳಲು ಕಾಗದವಿದ್ದ ಕಾಲದಲ್ಲಿ ನಿನ್ನ ಕೈಯಿಂದ ಅದನ್ನು ಕಸಿದೆ. ನನ್ನನ್ನು ಕ್ಷಮಿಸು.

ಟೋಕನ್ ಹಣವನ್ನು ನಗದಾಗಿ ಕೊಡದೆ ಚೆಕ್ಕಿನಲ್ಲಿ ಕೊಟ್ಟದ್ದು ನಿನ್ನ ಜಾಣತನ. ಅದಕ್ಕೆ ಬ್ಯಾಂಕಿನ ದಾಖಲೆಯಿದೆ, ಹಿಂದಕ್ಕೆ ಕೇಳಿ ಪತ್ರ ಬರೆ. ಮನೆಗಾಗಿ ಮೊಕದ್ದಮೆ ಹೂಡುವ ಮಾತು ಮಾತ್ರ ಬೇಡ. ಬರಿಯ ಬಾಯಿಮಾತಿನ ಒಪ್ಪಂದವನ್ನು ರುಜುವಾತುಪಡಿಸುವುದರಲ್ಲಿ ವರ್ಷಗಳು ಕಳೆದುಹೋಗುತ್ತವೆ. ಮುಂದೆ ಮನೆ ನೋಡುವಾಗ ಕಟ್ಟಡದ ವಸತಿ ಸೊಸೈಟಿಯ ಷೇರು ಪ್ರಮಾಣಪತ್ರದಲ್ಲಿ ಯಾರ ಯಾರ ಹೆಸರಿದೆಯೆಂದು ಮೊದಲು ನೋಡು, ಅವರೆಲ್ಲರ ಒಪ್ಪಿಗೆಯನ್ನೂ ಅವರೆದುರೇ ಕೇಳು, ಮೂಲಪತ್ರಗಳು ಯಾವುದಾದರೂ ಬ್ಯಾಂಕಿನಲ್ಲಿ ಅಡವಿವೆಯೇ ಎಂದು ವಿಚಾರಿಸು, ಹಿಂದೆ ಸರಿದರೆ ಎಷ್ಟು ದಿನದಲ್ಲಿ ಎಷ್ಟು ಹಣ ಮರಳಿಸಬೇಕೆಂದು ಬರೆಸಿಕೊಳ್ಳದೆ ಒಂದು ರೂಪಾಯಿಯನ್ನೂ ಕೊಡಬೇಡ. ಮನೆ ನಿನ್ನೊಬ್ಬಳ ಹೆಸರಿನಲ್ಲೇ ಇರಲಿ. ಮಹಾರಾಷ್ಟ್ರದಲ್ಲಿ ಮಹಿಳೆಯರಿಗೆ ಮುದ್ರಾಂಕ ಶುಲ್ಕದಲ್ಲಿ ಶೇ. 1ರ ರಿಯಾಯಿತಿ 2021ರಿಂದ ಇದೆ. ಇವೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ಆದರೂ ಬರೆಯದೆ ಇರಲಾಗುತ್ತಿಲ್ಲ.

ಬಾಡಿಗೆ ಮನೆ ಬಿಡುವುದಾಗಿ ಈಗಾಗಲೇ ತಿಳಿಸಿಬಿಟ್ಟಿದ್ದೀಯ. ಅಲ್ಲಿ ಮುಂದುವರಿಯಲು ಅವರು ಒಪ್ಪದಿದ್ದರೆ ಇಲ್ಲಿಗೆ ಬನ್ನಿ. ಹಿಂದಿನ ಕೋಣೆಯ ಕಪಾಟನ್ನು ಅಮ್ಮ ನಿನ್ನೆ ಖಾಲಿ ಮಾಡಿದಳು. ಯಾಕೆಂದು ಕೇಳಿದೆ, ಏನೂ ಹೇಳಲಿಲ್ಲ.

ನಿನ್ನ,
ಅಪ್ಪ